ಮೂವರು ಕೃಷ್ಣರು, ಮೂವರು ಸ್ಪೈಡರ್ ಮ್ಯಾನ್

ಗುಬ್ಬಿ ತಾಲ್ಲೂಕಿನ ನಮ್ಮೂರಲ್ಲಿ ಜಾತ್ರೆ ಮುಗಿದ ವಾರಕ್ಕೆ ಕುರುಕ್ಷೇತ್ರ ನಾಟಕ ಆಡುತ್ತಾರೆ. ರಾತ್ರಿ ಒಂಬತ್ತೂವರೆಗೆ ಶುರುವಾದರೆ ಕೋಳಿ ಕೂಗುವ ಹೊತ್ತಿಗೆ ಮುಗಿಯುತ್ತದೆ. ಹೋದ ವರ್ಷ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಹನ್ನೆರಡು ವರ್ಷದ ಹುಡುಗ, ಹುಟ್ಟಿ ಬೆಳೆದಿದ್ದೆಲ್ಲ ತುಮಕೂರಿನ ಎಸ್.ಎಸ್. ಪುರಂನಲ್ಲಿ. ಮೊದಲ ದೃಶ್ಯದಲ್ಲಿ ಬಂದ ಕೃಷ್ಣ ಕುಳ್ಳಗಿದ್ದ, ಕೋಲುಮುಖ. ಸಂಧಾನಕ್ಕೆ ಹೋದ ಕೃಷ್ಣನಿಗೆ ದಪ್ಪ ಹೊಟ್ಟೆ. ಗೀತೋಪದೇಶಕ್ಕೆ ಮೂರನೆಯವನು ಬಂದ. ಆತ ನಮ್ಮೂರ ಹಾಲಿನ ಡೇರಿ ಸೆಕ್ರೆಟರಿ, ಕಿರೀಟದ ಕೆಳಗೆ ಕನ್ನಡಕದ ಗುರುತು ಹಾಗೇ ಇತ್ತು. ಹುಡುಗ ನನ್ನ ಕಡೆ ತಿರುಗಿ, "ಮಾಮ, ಇದು ನೋ ವೇ ಹೋಮ್ ಥರಾನೇ ಅಲ್ವಾ?" ಎಂದ.

ನೋ ವೇ ಹೋಮ್ ಅಂದರೆ ಮೂವರು ಸ್ಪೈಡರ್ ಮ್ಯಾನ್ ಒಟ್ಟಿಗೆ ಬರುವ ಸಿನಿಮಾ. ನಗು ಬಂತು. ಆದರೆ ಅವನು ಹೇಳಿದ್ದು ಅವನಿಗೇ ಗೊತ್ತಿಲ್ಲದಷ್ಟು ಸರಿಯಾಗಿತ್ತು.

ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡುವವರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಮಾಡುವವರೇ ಕೊಡಬೇಕು. ಸೀನರಿ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಲೈಟು, ಮೈಕು, ಹೊರಗಿನಿಂದ ಬರುವ ಕಲಾವಿದೆಯರ ಖರ್ಚು, ಎಲ್ಲ ಅದರಲ್ಲೇ ಏಳಬೇಕು. ಕೃಷ್ಣ, ದುರ್ಯೋಧನ ಅಂದರೆ ರೇಟು ಜಾಸ್ತಿ. ಒಬ್ಬನ ಕೈಲಿ ಅಷ್ಟು ಆಗುವುದಿಲ್ಲ, ಬೇಕು ಅನ್ನುವವರೋ ಐದಾರು ಜನ. ಅದಕ್ಕೇ ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಅಂತ ಪಾತ್ರವನ್ನೇ ಪಾಲು ಮಾಡಿ ಹಂಚುತ್ತಾರೆ. ನೋಡುವ ಜನ ಒಂದು ಮಾತೂ ಕೇಳುವುದಿಲ್ಲ. ನವಿಲುಗರಿ ಕಂಡರೆ ಸಾಕು, ಕೃಷ್ಣ.

"ಅಲ್ಲೂ ಇದೇ ಕಣೋ ಕಥೆ" ಎಂದೆ. ಹುಡುಗ ಒಪ್ಪಲಿಲ್ಲ. "ಅದು ಮಲ್ಟಿವರ್ಸ್ ಮಾಮ. ಬೇರೆ ಬೇರೆ ಲೋಕ."

ಬೇರೆ ಬೇರೆ ಲೋಕವಲ್ಲ, ಬೇರೆ ಬೇರೆ ಪತ್ರ. ಸ್ಪೈಡರ್ ಮ್ಯಾನ್ ಯಾಕೆ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತಾನೆ, ಹಲ್ಕ್‌ಗೆ ಯಾಕೆ ಅವನದೇ ಒಂದು ಸಿನಿಮಾ ಬರುತ್ತಿಲ್ಲ, ಸತ್ತ ವುಲ್ವರಿನ್ ಹೇಗೆ ಎದ್ದು ಬಂದ, ಈ ಗೋಜಲೆಲ್ಲ ಕಥೆ ಬರೆಯುವವರ ತಲೆಯಿಂದ ಬಂದಿದ್ದು ಅಂದುಕೊಂಡು ನಾವು ಅಭಿಮಾನಿಗಳು ಜಗಳ ಆಡುತ್ತೇವೆ. ಅರ್ಧಕ್ಕರ್ಧ ಬಂದಿದ್ದು ಕರಾರು ಪತ್ರದಿಂದ. ಅದನ್ನು ಓದಿಕೊಂಡರೆ ಸಿನಿಮಾ ಸಲೀಸಾಗಿ ಅರ್ಥವಾಗುತ್ತದೆ.

ಇದನ್ನು ನಾನು ಇಷ್ಟು ಧೈರ್ಯವಾಗಿ ಹೇಳಲು ಕಾರಣ ನಮ್ಮಪ್ಪ. ಅವರು ಪತ್ರ ಬರಹಗಾರರು. ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರ ಒಂದು ಸಣ್ಣ ಮಳಿಗೆಯಲ್ಲಿ ಕೂತು ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ ಬರೆದು ನಮ್ಮನ್ನು ಸಾಕಿದರು. ಬೇಸಿಗೆ ರಜೆಯಲ್ಲಿ ನಾನು ಅಲ್ಲೇ ಬೆಂಚಿನ ಮೇಲೆ ಕೂತು ಹಳೆಯ ಸುಧಾದಲ್ಲಿ ಫ್ಯಾಂಟಮ್ ಓದುತ್ತಿದ್ದೆ. ಕಿವಿಗೆ ಮಾತ್ರ ಚಕ್ಕುಬಂದಿ ಬೀಳುತ್ತಿತ್ತು. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹಳ್ಳ. ಚಕ್ಕುಬಂದಿಯಲ್ಲಿ ಒಂದು ಪದ ತಪ್ಪಿದರೆ ಎರಡು ತಲೆಮಾರು ಕೋರ್ಟಿಗೆ ಅಲೆಯಬೇಕು ಎನ್ನುತ್ತಿದ್ದರು ಅಪ್ಪ. ಅಮೆರಿಕದ ಸ್ಟುಡಿಯೋಗಳೂ ಹಾಗೇ ಅಲೆದಿವೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಮೊದಲು ಮಾಲೀಕ ಯಾರು ಅನ್ನುವುದನ್ನು ನೋಡೋಣ. 1938ರಲ್ಲಿ ಜೆರ್ರಿ ಸೀಗಲ್, ಜೋ ಶೂಸ್ಟರ್ ಎಂಬ ಇಬ್ಬರು ಹುಡುಗರು ಸೂಪರ್ ಮ್ಯಾನ್ ಮೇಲಿನ ಹಕ್ಕನ್ನೆಲ್ಲ 130 ಡಾಲರ್‌ಗೆ ಪ್ರಕಾಶಕರಿಗೆ ಬರೆದುಕೊಟ್ಟರು. ಅದು ಶುದ್ಧ ಕ್ರಯಪತ್ರ. ಭೋಗ್ಯ ಅಲ್ಲ, ವಾಪಸ್ ಬರುವ ಮಾತೇ ಇಲ್ಲ. ಆಮೇಲೆ ಸೂಪರ್ ಮ್ಯಾನ್ ಕೋಟಿಗಟ್ಟಲೆ ದುಡಿದ. ಇವರಿಬ್ಬರು ಕೋರ್ಟು ಮೆಟ್ಟಿಲು ಹತ್ತಿ ಇಳಿದರು. ಕೊನೆಗೆ 1975ರಲ್ಲಿ, ದೊಡ್ಡ ಸಿನಿಮಾ ಬರುವ ಹೊತ್ತಿಗೆ, ಮರ್ಯಾದೆಗೆ ಅಂಜಿ ಕಂಪನಿಯವರು ವರ್ಷಕ್ಕೆ ಇಷ್ಟು ಅಂತ ಪಿಂಚಣಿ ಕೊಟ್ಟರು, ಹೆಸರು ಹಾಕಿದರು. ಬ್ಯಾಟ್ ಮ್ಯಾನ್ ಕಟ್ಟುವುದರಲ್ಲಿ ಅರ್ಧ ಪಾಲಿದ್ದ ಬಿಲ್ ಫಿಂಗರ್‌ಗೆ ಹೆಸರು ಸಿಕ್ಕಿದ್ದು 2015ರಲ್ಲಿ. ಅಷ್ಟರಲ್ಲಿ ಆತ ಸತ್ತು ನಲವತ್ತು ವರ್ಷ ಕಳೆದಿತ್ತು.

1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್ ಮ್ಯಾನ್ ಮಾಡಿದಾಗಲೂ ಲೆಕ್ಕ ಇದೇ. ಪುಟಕ್ಕೆ ಇಷ್ಟು ಕೂಲಿ, ಪಾತ್ರ ಮಾರ್ವೆಲ್ ಎಂಬ ಕಾಮಿಕ್ಸ್ ಕಂಪನಿಯದು. ಹಾಗಾಗಿ ಸ್ಪೈಡರ್ ಮ್ಯಾನ್ ಮುಖವಾಡದ ಹಿಂದಿನ ಹುಡುಗ ಪೀಟರ್ ಪಾರ್ಕರ್‌ಗೆ ವಯಸ್ಸಾಗುವುದಿಲ್ಲ. ಅವನ ಕಥೆ ಮುಗಿಸುವ ಹಕ್ಕು ಬರೆಯುವವನಿಗೆ ಇಲ್ಲ. ಗೇಯುವ ಎತ್ತಿಗೆ ಯಾರಾದರೂ ನಿವೃತ್ತಿ ಕೊಡುತ್ತಾರಾ?

ಈಗ ಭೋಗ್ಯಕ್ಕೆ ಬರೋಣ. ಭೋಗ್ಯ ಅಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕಷ್ಟ ಬಂದಾಗ ಹೊಲವನ್ನೋ ಮನೆಯನ್ನೋ ಇನ್ನೊಬ್ಬರ ಕೈಗೆ ಕೊಟ್ಟು ಒಂದು ಗಂಟು ತೆಗೆದುಕೊಳ್ಳುವುದು. ಖಾತೆ ನಮ್ಮ ಹೆಸರಲ್ಲೇ ಇರುತ್ತದೆ, ಬೆಳೆ ಅವರದು. ವಾಯಿದೆ ಮುಗಿದ ಮೇಲೆ ಗಂಟು ವಾಪಸ್, ಹೊಲ ವಾಪಸ್. ಮಾರ್ವೆಲ್ ಕಂಪನಿ ತನ್ನ ಪಾತ್ರಗಳನ್ನು ಸಿನಿಮಾದವರಿಗೆ ಕೊಟ್ಟಿದ್ದು ಹೆಚ್ಚು ಕಡಿಮೆ ಹೀಗೆ. ಎರಡೇ ವ್ಯತ್ಯಾಸ. ತೆಗೆದುಕೊಂಡ ದುಡ್ಡನ್ನು ವಾಪಸ್ ಕೊಡಬೇಕಾಗಿಲ್ಲ. ಇನ್ನೊಂದು, ಹೊಲವನ್ನು ಬೀಳು ಬಿಡುವಂತಿಲ್ಲ. ಇಷ್ಟು ವರ್ಷದೊಳಗೆ ಒಂದು ಸಿನಿಮಾ ತೆಗೆಯದಿದ್ದರೆ ಪಾತ್ರ ಮಾಲೀಕನ ಮನೆಗೆ ತಾನಾಗಿಯೇ ವಾಪಸ್.

ಈ ಎರಡನೇ ಷರತ್ತು ಇದೆಯಲ್ಲ, ಸೂಪರ್ ಹೀರೋ ಸಿನಿಮಾದ ಇತಿಹಾಸ ಬರೆದಿದ್ದೇ ಅದು.

ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ಫೆಂಟಾಸ್ಟಿಕ್ ಫೋರ್, ಮಾರ್ವೆಲ್‌ನ ನಾಲ್ವರು ಸೂಪರ್ ಹೀರೋಗಳ ತಂಡ. ಜರ್ಮನಿಯ ಕಾನ್‌ಸ್ಟಾಂಟಿನ್ ಫಿಲ್ಮ್ ಎಂಬ ಕಂಪನಿ 1980ರ ದಶಕದಲ್ಲಿ ಇದರ ಹಕ್ಕು ತೆಗೆದುಕೊಂಡಿತ್ತು. ವಾಯಿದೆ 1992ರ ಡಿಸೆಂಬರ್ 31ಕ್ಕೆ ಮುಗಿಯಬೇಕು. ದೊಡ್ಡ ಸಿನಿಮಾಕ್ಕೆ ದುಡ್ಡಿಲ್ಲ. ಬಿಟ್ಟರೆ ಹಕ್ಕು ಹೋಗುತ್ತದೆ. ಏನು ಮಾಡಿದರು ಗೊತ್ತಾ? ಕಡಿಮೆ ಖರ್ಚಿನ ಸಿನಿಮಾಗೆ ಹೆಸರಾದ ರೋಜರ್ ಕಾರ್ಮನ್‌ನನ್ನು ಹಿಡಿದು, ಸುಮಾರು 10 ಲಕ್ಷ ಡಾಲರ್‌ನಲ್ಲಿ, ಡಿಸೆಂಬರ್ 28ಕ್ಕೆ ಶೂಟಿಂಗ್ ಶುರು ಮಾಡಿದರು. ವಾಯಿದೆಗೆ ಇನ್ನು ಮೂರೇ ದಿನ. ತಹಶೀಲ್ದಾರರು ಸ್ಥಳ ತನಿಖೆಗೆ ಬರುತ್ತಾರೆ ಅಂತ ಗೊತ್ತಾದಾಗ ರಾತ್ರೋರಾತ್ರಿ ಟ್ರ್ಯಾಕ್ಟರ್ ತಂದು ನಾಲ್ಕು ಸಾಲು ಉಳುತ್ತಾರಲ್ಲ, ಥೇಟ್ ಹಾಗೆ. ಪಾಪ, ನಟರು ಮಾತ್ರ ಇದು ತಮ್ಮ ಬದುಕು ಬದಲಿಸುವ ಸಿನಿಮಾ ಅಂದುಕೊಂಡು ಜೀವ ತೇಯ್ದರು. ಪ್ರಚಾರಕ್ಕೆ ಅಂತ ಊರೂರು ತಿರುಗಿದರು. ಸಿನಿಮಾ ಬಿಡುಗಡೆಯೇ ಆಗಲಿಲ್ಲ. ಅದನ್ನು ಕೊಂಡು ಪ್ರಿಂಟುಗಳನ್ನು ನಾಶ ಮಾಡಿಸಿದ್ದಾಗಿ ಮಾರ್ವೆಲ್‌ನ ಅವಿ ಅರಾದ್ ಆಮೇಲೆ ಹೇಳಿಕೊಂಡರು. ಹೇಗೋ ಉಳಿದ ಕಳ್ಳ ಪ್ರತಿಗಳು ಈಗಲೂ ಓಡಾಡುತ್ತಿವೆ. ನಾನು ನೋಡಿದ್ದೇನೆ. ಕಲ್ಲಿನ ಮನುಷ್ಯ ರಬ್ಬರ್ ಉಡುಪಿನಲ್ಲಿ ಬೆವರುವುದು ಗೊತ್ತಾಗುತ್ತದೆ. ಆದರೂ ಆಮೇಲೆ ಬಂದ ದುಬಾರಿ ಸಿನಿಮಾಗಳಲ್ಲಿ ಇಲ್ಲದ ಒಂದು ಶ್ರದ್ಧೆ ಅದರಲ್ಲಿದೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಸ್ಪೈಡರ್ ಮ್ಯಾನ್ ಕಡತ ಇದಕ್ಕಿಂತ ದಪ್ಪ. ಯಾವ ಜಮೀನೇ ಆಗಲಿ, ಅಪ್ಪ ಮೊದಲು "ಇ.ಸಿ. ತೆಗೆಸಿ" ಎನ್ನುತ್ತಿದ್ದರು. ಅದರ ಮೇಲೆ ಯಾರ್ಯಾರ ಋಣ ಇದೆ ಅಂತ ಗೊತ್ತಾಗಬೇಕಲ್ಲ. 1990ರ ದಶಕದಲ್ಲಿ ಸ್ಪೈಡರ್ ಮ್ಯಾನ್‌ಗೆ ಇ.ಸಿ. ತೆಗೆಸಿದ್ದರೆ ಒಂದು ರೀಮು ಹಾಳೆ ಬೇಕಾಗುತ್ತಿತ್ತು. 1985ರಲ್ಲಿ ಕ್ಯಾನನ್ ಎಂಬ ಕಂಪನಿ 2,25,000 ಡಾಲರ್‌ಗೆ ಹಕ್ಕು ತೆಗೆದುಕೊಂಡಿತ್ತು. ಅದು ಮುಳುಗಿತು. ಹಕ್ಕು ಕೈ ಬದಲಾಗಿ ಕ್ಯಾರೊಲ್ಕೊಗೆ ಹೋಯಿತು, ಜೇಮ್ಸ್ ಕ್ಯಾಮರೂನ್ ಸಿನಿಮಾ ಮಾಡುವ ಮಾತಾಯಿತು. ಆ ಕಂಪನಿಯೂ ಮುಳುಗಿತು. ಟಿವಿ ಹಕ್ಕು ಒಬ್ಬರದು, ವಿಡಿಯೋ ಹಕ್ಕು ಇನ್ನೊಬ್ಬರದು, ಎಲ್ಲರೂ ಎಲ್ಲರ ಮೇಲೆ ದಾವೆ. ಅಷ್ಟರಲ್ಲಿ 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ಲೇ ದಿವಾಳಿ ಅರ್ಜಿ ಹಾಕಿತು.

ದಿವಾಳಿಯಾದ ಮನೆಯವರು ಏನು ಮಾಡುತ್ತಾರೆ? ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ವುಲ್ವರಿನ್ ಇರುವ ಎಕ್ಸ್ ಮೆನ್ ತಂಡ ಆಗಲೇ ಫಾಕ್ಸ್ ಸ್ಟುಡಿಯೋ ಕೈಲಿತ್ತು. 1998ರಲ್ಲಿ ಮಾರ್ವೆಲ್ ತನ್ನಲ್ಲಿ ಉಳಿದ ಹೆಚ್ಚುಕಡಿಮೆ ಎಲ್ಲ ಪಾತ್ರಗಳನ್ನೂ ಸೇರಿಸಿ 2.5 ಕೋಟಿ ಡಾಲರ್‌ಗೆ ಸೋನಿ ಸ್ಟುಡಿಯೋಗೆ ಕೊಡಲು ಹೋಗಿತ್ತು ಎಂದು ಆಮೇಲೆ ವರದಿಯಾಯಿತು. ಸೋನಿಯವರು, ಉಳಿದವರು ಯಾರಿಗೆ ಬೇಕು, ಸ್ಪೈಡರ್ ಮ್ಯಾನ್ ಒಬ್ಬನೇ ಸಾಕು ಎಂದರಂತೆ. ಅವನಿಗೆ ಕೊಟ್ಟಿದ್ದು ಸುಮಾರು 1 ಕೋಟಿ ಡಾಲರ್, ಮೇಲೆ ಗಳಿಕೆಯಲ್ಲಿ ಸಣ್ಣ ಪಾಲು. ಎಂಜಿಎಂ ಸ್ಟುಡಿಯೋಗೂ ಸ್ಪೈಡರ್ ಮ್ಯಾನ್ ಮೇಲೆ ಹಳೆಯ ತಕರಾರು ಇತ್ತು, ಸೋನಿಗೆ ಜೇಮ್ಸ್ ಬಾಂಡ್ ಮೇಲೆ ಕಣ್ಣಿತ್ತು. 1999ರಲ್ಲಿ ಇಬ್ಬರೂ ಕೂತು, ನಿನ್ನದು ನಿನಗೆ ನನ್ನದು ನನಗೆ ಅಂತ ಅದಲು ಬದಲು ಮಾಡಿಕೊಂಡರು. 2002ರಲ್ಲಿ ಸ್ಯಾಮ್ ರೈಮಿ ನಿರ್ದೇಶಿಸಿದ ಸ್ಪೈಡರ್ ಮ್ಯಾನ್ ಸಿನಿಮಾ ಬಂತು.

ನಾನಾಗ ಏಳನೇ ಕ್ಲಾಸು. ತುಮಕೂರಿಗೆ ಅದು ಬಂದಾಗ ಬೆಂಗಳೂರಿನವರು ನೋಡಿ ಮರೆತಿದ್ದರು. ಥಿಯೇಟರಿನಲ್ಲಿ ಹಸಿರು ಗಾಬ್ಲಿನ್ ಸೇತುವೆ ಮೇಲೆ ನಿಂತ ಹೊತ್ತಿಗೆ ರೀಲು ಕಟ್ ಆಯಿತು. ಹತ್ತು ನಿಮಿಷ ಕತ್ತಲು, ಶಿಳ್ಳೆ, ಕಡಲೆಕಾಯಿ ಸಿಪ್ಪೆ. ಮತ್ತೆ ಶುರುವಾದಾಗ ನಡುವಿನ ಒಂದು ತುಂಡು ಹಾರಿಹೋಗಿತ್ತು. ಅದನ್ನು ನಾನು ಪೂರ್ತಿ ನೋಡಿದ್ದು ಕಾಲೇಜಿಗೆ ಬಂದ ಮೇಲೆ, ಸಿ.ಡಿ.ಯಲ್ಲಿ.

ಭಾಷೆ ಇನ್ನೊಂದು ತಕರಾರು. ಇಂಗ್ಲಿಷ್ ನಮಗೆ ಅಷ್ಟಕ್ಕಷ್ಟೇ. ಪಾವಗಡದ ಗೆಳೆಯನೊಬ್ಬ ತೆಲುಗಿನಲ್ಲಿ ನೋಡಿಕೊಂಡು ಬಂದು ನಮಗೆ ಡೈಲಾಗ್ ಸಮೇತ ಕನ್ನಡದಲ್ಲಿ ಹೇಳುತ್ತಿದ್ದ. 2007ರ ಸ್ಪೈಡರ್ ಮ್ಯಾನ್ 3 ಹಿಂದಿ, ತಮಿಳು, ತೆಲುಗಿನ ಜೊತೆ ಭೋಜಪುರಿಯಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ. ನಮ್ಮಲ್ಲಿ ಡಬ್ಬಿಂಗ್ ಬೇಡ ಅನ್ನುವ ಕಟ್ಟುಪಾಡು ದಶಕಗಳಿಂದ ಇತ್ತು. ಅದು ಸರ್ಕಾರದ ಕಾನೂನಲ್ಲ, ಚಿತ್ರರಂಗದವರೇ ಹಾಕಿಕೊಂಡಿದ್ದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದು ಸರಿಯಲ್ಲ ಎಂದು ಆದೇಶ ಕೊಟ್ಟ ಮೇಲೆ ಬಾಗಿಲು ತೆರೆಯಿತು. ಕನ್ನಡ ಚಿತ್ರರಂಗ ಉಳಿಯಲಿ ಅನ್ನುವ ಕಾಳಜಿ ನನಗೂ ಅರ್ಥವಾಗುತ್ತದೆ. ಆದರೆ ಭೋಜಪುರಿ ಮಾತಾಡಿದ ಸ್ಪೈಡರ್ ಮ್ಯಾನ್‌ಗೆ ಆಗ ಕನ್ನಡ ಬರುತ್ತಿರಲಿಲ್ಲ ಎಂಬ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮತ್ತೆ ವಾಯಿದೆಗೆ ಬರುತ್ತೇನೆ. 2014ರಲ್ಲಿ ಸೋನಿಯ ಕಂಪ್ಯೂಟರುಗಳಿಗೆ ಕನ್ನ ಬಿದ್ದು ಕಾಗದಪತ್ರಗಳೆಲ್ಲ ಹೊರಗೆ ಬಂದವು. ಸ್ಪೈಡರ್ ಮ್ಯಾನ್ ಕರಾರೂ ಬಂತು. ಹಿಂದಿನ ಸಿನಿಮಾ ಬಿಡುಗಡೆಯಾದ 3 ವರ್ಷ 9 ತಿಂಗಳೊಳಗೆ ಮುಂದಿನದರ ಕೆಲಸ ಶುರುವಾಗಬೇಕು, 5 ವರ್ಷ 9 ತಿಂಗಳೊಳಗೆ ತೆರೆಗೆ ಬರಬೇಕು. ಇಲ್ಲದಿದ್ದರೆ ಪಾತ್ರ ಮಾರ್ವೆಲ್‌ಗೆ ವಾಪಸ್. ಈಗ ಬೆರಳು ಮಡಚಿ ಎಣಿಸಿ. ರೈಮಿಯ ಮೂರನೇ ಸಿನಿಮಾ 2007ರ ಮೇ. ನಾಲ್ಕನೆಯದರ ಕಥೆ ಕೂಡಿ ಬರಲಿಲ್ಲ, 2010ರ ಜನವರಿಯಲ್ಲಿ ಅದು ನಿಂತುಹೋಯಿತು. ಸುಮ್ನೆ ಕೂರುವ ಹಾಗಿಲ್ಲ. ಹೊಸ ಹುಡುಗ ಆಂಡ್ರ್ಯೂ ಗಾರ್ಫೀಲ್ಡ್‌ನನ್ನು ತಂದು 2012ರ ಜುಲೈಗೆ ಮತ್ತೆ ಮೊದಲಿನಿಂದ ಶುರು ಮಾಡಿದರು. ಅದೇ ಜೇಡ ಮತ್ತೆ ಕಚ್ಚಿತು, ಅದೇ ಬೆನ್ ಚಿಕ್ಕಪ್ಪ ಮತ್ತೆ ಸತ್ತ. ಹತ್ತು ವರ್ಷದಲ್ಲಿ ಎರಡು ಸಲ ಆ ಸಾವು ನೋಡಿ ನಮಗೆ ಯಾಕೆ ಅಳು ಬರಲಿಲ್ಲ ಅಂದರೆ, ಈ ಸಲ ಚಿಕ್ಕಪ್ಪ ಸತ್ತಿದ್ದು ವಾಯಿದೆಗೋಸ್ಕರ.

ನಮ್ಮಲ್ಲಿ 1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂತು. ಎಷ್ಟೋ ಗೇಣಿದಾರರು 7ನೇ ನಮೂನೆ ಅರ್ಜಿ ಹಾಕಿ ಜಮೀನು ಪಡೆದರು. ಸೋನಿಗೆ ಆ ಭಾಗ್ಯ ಇಲ್ಲ. ಎಷ್ಟು ವರ್ಷ ಉತ್ತರೂ ಪಹಣಿಯಲ್ಲಿ ಮಾರ್ವೆಲ್ ಹೆಸರೇ. ಅದಕ್ಕೇ ಉಳುತ್ತಲೇ ಇರಬೇಕು.

ಚಕ್ಕುಬಂದಿ ಎಂಥದ್ದು ಅಂತಲೂ ನೋಡಿ. ಸಿನಿಮಾ ಸೋನಿಯದು. ಕಾರ್ಟೂನ್ ಧಾರಾವಾಹಿಯ ಒಂದು ಕಂತು 44 ನಿಮಿಷ ದಾಟಿದರೆ ಸೋನಿಯದು, ದಾಟದಿದ್ದರೆ ಮಾರ್ವೆಲ್‌ದು. 45ನೇ ನಿಮಿಷಕ್ಕೆ ಬೇಲಿ! ಬೊಂಬೆ, ಬ್ಯಾಗು, ಟೀ ಶರ್ಟಿನ ವ್ಯಾಪಾರವನ್ನು 2011ರಲ್ಲಿ ಡಿಸ್ನಿ ಬಿಡಿಸಿಕೊಂಡಿತು. ಸಿದ್ಧಗಂಗೆ ಜಾತ್ರೆಯಲ್ಲಿ ನನ್ನ ಅಳಿಯ ಕೊಂಡ ಮುಖವಾಡ ಮಾತ್ರ ಯಾರ ಚಕ್ಕುಬಂದಿಗೂ ಬರುವುದಿಲ್ಲ. ಅದು ನೀಲಿ ಬಣ್ಣದ್ದು, ಒಂದು ಕಣ್ಣು ದೊಡ್ಡದು, ಹಿಂದೆ ಎಲಾಸ್ಟಿಕ್ ದಾರ.

ಹಲ್ಕ್ ಕಥೆ ಇನ್ನೂ ಚೆನ್ನಾಗಿದೆ. ಹಲ್ಕ್ ಮಾರ್ವೆಲ್‌ನವನೇ. ಆದರೆ ಅವನೊಬ್ಬನದೇ ಸಿನಿಮಾ ತೆಗೆದರೆ ಅದನ್ನು ಹಂಚುವ ಹಕ್ಕು ಯೂನಿವರ್ಸಲ್ ಕೈಲಿತ್ತು. ಹೊಲ ನಿಮ್ಮದು, ಬಂಡಿದಾರಿ ಪಕ್ಕದವನ ಜಮೀನಿನಲ್ಲಿ. ಬೆಳೆದು ಏನು ಪ್ರಯೋಜನ? ಅದಕ್ಕೇ 2008ರಿಂದ ಈಚೆಗೆ ಹಲ್ಕ್ ಬರೀ ಬೇರೆಯವರ ಮನೆ ಮದುವೆಗೆ ಬರುವ ನೆಂಟನಾದ. ಒಬ್ಬನೇ ಪಾತ್ರ ಎರಡು ಮನೆಯಲ್ಲಿ ಇದ್ದಿದ್ದೂ ಉಂಟು. ವೇಗವಾಗಿ ಓಡುವ ಕ್ವಿಕ್ ಸಿಲ್ವರ್ ಎಕ್ಸ್ ಮೆನ್‌ಗೂ ಸೇರಿದವನು, ಮಾರ್ವೆಲ್‌ನ ಇನ್ನೊಂದು ತಂಡ ಅವೆಂಜರ್ಸ್‌ಗೂ ಸೇರಿದವನು. 2014ರಲ್ಲಿ ಫಾಕ್ಸ್ ಸಿನಿಮಾದಲ್ಲಿ ಒಬ್ಬ ನಟ, 2015ರಲ್ಲಿ ಮಾರ್ವೆಲ್ ಸಿನಿಮಾದಲ್ಲಿ ಇನ್ನೊಬ್ಬ. ಫಾಕ್ಸ್‌ನವರು ಅವೆಂಜರ್ಸ್ ಅನ್ನುವಂತಿಲ್ಲ, ಮಾರ್ವೆಲ್‌ನವರು ಮ್ಯೂಟೆಂಟ್ (ಎಕ್ಸ್ ಮೆನ್ ಥರ ಹುಟ್ಟಿನಿಂದಲೇ ಶಕ್ತಿ ಇರುವವರು) ಅನ್ನುವಂತಿಲ್ಲ. ಇನ್ನು ಸೋನಿಯವರು ಸ್ಪೈಡರ್ ಮ್ಯಾನ್ ಇಲ್ಲದೆ ಅವನ ಶತ್ರುಗಳ ಮೇಲೆಯೇ ಸಿನಿಮಾ ತೆಗೆದರಲ್ಲ, ವೆನಮ್ ಆಯಿತು, ಮಾರ್ಬಿಯಸ್ ಆಯಿತು, ಅದು ತೋಟ ಬಿಟ್ಟು ಬದುವಿನ ಮೇಲಿನ ಹುಲ್ಲು ಕೊಯ್ದ ಹಾಗೆ. ವೆನಮ್ ಓಡಿತು. ಮಾರ್ಬಿಯಸ್ ಬಗ್ಗೆ ಮಾತು ಬೇಡ.

ಒಳ್ಳೆಯ ತರಿ ಜಮೀನೆಲ್ಲ ಹೀಗೆ ಪರರ ಪಾಲಾದ ಮೇಲೆ ಮಾರ್ವೆಲ್‌ಗೆ ಉಳಿದಿದ್ದು ಬೆದ್ದಲು. ಯಾರೂ ಅಷ್ಟಾಗಿ ಕೇಳದ ಪಾತ್ರಗಳು. 2005ರಲ್ಲಿ ಅವರು ಹತ್ತು ಪಾತ್ರಗಳ ಹಕ್ಕನ್ನೇ ಅಡ ಇಟ್ಟು ಮೆರಿಲ್ ಲಿಂಚ್‌ನಿಂದ 52.5 ಕೋಟಿ ಡಾಲರ್ ಸಾಲದ ಏರ್ಪಾಡು ಮಾಡಿಕೊಂಡರು. ಸಿನಿಮಾ ಸೋತರೆ ಪಾತ್ರಗಳು ಹರಾಜು. 2008ರಲ್ಲಿ ಐರನ್ ಮ್ಯಾನ್ ಬಂತು. ಆ ಬೆದ್ದಲಿನಲ್ಲಿ ಬೋರ್‌ವೆಲ್ ನೀರು ಉಕ್ಕಿತು. ಮರು ವರ್ಷವೇ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಇಡೀ ಮಾರ್ವೆಲ್ಲನ್ನೇ ಕೊಂಡಿತು. 2019ರಲ್ಲಿ 7,130 ಕೋಟಿ ಡಾಲರ್ ಸುರಿದು ಫಾಕ್ಸ್‌ನ ಬಹುಪಾಲನ್ನೂ ಕೊಂಡಿತು. ಎಕ್ಸ್ ಮೆನ್ ತವರಿಗೆ ಬಂದಿದ್ದು ಹಾಗೆ. ಸ್ಪೈಡರ್ ಮ್ಯಾನ್ ಮಾತ್ರ ಇನ್ನೂ ಸೋನಿ ಮನೆಯಲ್ಲೇ ಇದ್ದಾನೆ.

2015ರಲ್ಲಿ ಒಂದು ವಿಚಿತ್ರ ಒಪ್ಪಂದವಾಯಿತು. ಸಿನಿಮಾ ಸರಿಯಾಗಿ ಬರುತ್ತಿಲ್ಲ ಅಂತ ಗೊತ್ತಾದ ಸೋನಿ, ಉಳಲು ಮಾರ್ವೆಲ್ಲನ್ನೇ ಕರೆಯಿತು. ಗೇಣಿದಾರನೇ ಮಾಲೀಕನನ್ನು ಹೊಲಕ್ಕೆ ಕರೆದ ಹಾಗೆ. ಬೀಜ ಗೊಬ್ಬರ ಸೋನಿಯದು, ಬೆಳೆಯೂ ಸೋನಿಯದು. ಬದಲಿಗೆ ಸ್ಪೈಡರ್ ಮ್ಯಾನ್ ಅವೆಂಜರ್ಸ್ ಜೊತೆ ಕಾಣಿಸಿಕೊಳ್ಳಬಹುದು. ಮೂರನೇ ಸ್ಪೈಡರ್ ಮ್ಯಾನ್ ಆಗಿ ಟಾಮ್ ಹಾಲೆಂಡ್ ಬಂದಿದ್ದು ಹೀಗೆ. 2019ರ ಆಗಸ್ಟ್‌ನಲ್ಲಿ ಪಾಲಿನ ಮಾತಿಗೆ ಜಗಳವಾಗಿ ಕರಾರು ಮುರಿಯಿತು. ಅಭಿಮಾನಿಗಳು ಬಾಯಿ ಬಡಿದುಕೊಂಡರು. ಸೆಪ್ಟೆಂಬರ್‌ನಲ್ಲಿ ರಾಜಿಯಾಯಿತು, ಮಾರ್ವೆಲ್‌ಗೆ ಲಾಭದಲ್ಲಿ ಕಾಲು ಭಾಗ ಎಂದು ಪತ್ರಿಕೆಗಳು ಬರೆದವು.

ಈ ರಾಜಿಯ ಬೆಳೆಯೇ 2021ರ ಡಿಸೆಂಬರ್‌ನಲ್ಲಿ ಬಂದ ನೋ ವೇ ಹೋಮ್. 2002ರವನು, 2012ರವನು, ಈಗಿನವನು ಮೂವರೂ ಒಂದೇ ಪರದೆ ಮೇಲೆ. ಕಥೆಯಲ್ಲಿ ಅದಕ್ಕೆ ಮಲ್ಟಿವರ್ಸ್ ಎಂದು ಹೆಸರು. ಈ ಉಪಾಯವೂ ಹೊಸದಲ್ಲ. 1961ರಲ್ಲಿ ಡಿಸಿ ಕಾಮಿಕ್ಸ್‌ನವರು 1940ರ ಹಳೆಯ ಫ್ಲ್ಯಾಶ್‌ನನ್ನೂ ಹೊಸ ಫ್ಲ್ಯಾಶ್‌ನನ್ನೂ ಭೇಟಿ ಮಾಡಿಸಲು, ಇಬ್ಬರೂ ಬೇರೆ ಬೇರೆ ಭೂಮಿಯವರು ಎಂದರು. ಆಮೇಲೆ ಭೂಮಿಗಳು ಹುತ್ತದ ಹಾಗೆ ಬೆಳೆದು, 1985ರಲ್ಲಿ ಎಲ್ಲವನ್ನೂ ಗುಡಿಸಿ ಒಂದೇ ಮಾಡಬೇಕಾಯಿತು. ಲೆಕ್ಕ ತಾಳೆಯಾಗದಿದ್ದಾಗ ಹೊಸ ಲೆಡ್ಜರ್ ತೆರೆಯುವ ಗುಮಾಸ್ತನ ಬುದ್ಧಿ ಇದು.

ತುಮಕೂರಿನಲ್ಲಿ ಆ ಸಿನಿಮಾ ನೋಡುವಾಗ ಆಂಡ್ರ್ಯೂ ಮುಖವಾಡ ತೆಗೆದ ಕ್ಷಣ ಹುಡುಗರೆಲ್ಲ ಕುರ್ಚಿ ಮೇಲೆ ಹತ್ತಿದರು. 2002ರ ಸ್ಪೈಡರ್ ಮ್ಯಾನ್ ಟೋಬಿ ಮ್ಯಾಗ್ವೈರ್ ಬಂದಾಗ ನಾನು ಶಿಳ್ಳೆ ಹೊಡೆದೆ. ಕಣ್ಣಲ್ಲಿ ನೀರೂ ಬಂತು, ಸುಳ್ಳು ಯಾಕೆ ಹೇಳಲಿ. ಮನೆಗೆ ಬಂದ ಮೇಲೆ ಯೋಚಿಸಿದೆ. ಆ ದೃಶ್ಯದಲ್ಲಿ ಅಳುವಂಥದ್ದು ಏನೂ ಇರಲಿಲ್ಲ. ಒಬ್ಬ ಮನುಷ್ಯ ಬಾಗಿಲಿನಿಂದ ಒಳಗೆ ಬರುತ್ತಾನೆ, ಅಷ್ಟೇ. ನಾನು ಅತ್ತಿದ್ದು ಆ ರೀಲು ಕಟ್ ಆದ ಸಂಜೆಗೆ, ಸಿಪ್ಪೆಯ ಸದ್ದಿಗೆ. ನನ್ನ ಏಳನೇ ಕ್ಲಾಸೂ ಅವರ ಚಕ್ಕುಬಂದಿಯ ಒಳಗೇ ಇತ್ತು. ಮೂರು ಪತ್ರ ಒಂದು ಕಡೆ ಸೇರಿದಾಗ ಅದನ್ನೂ ಕೊಯ್ಲು ಮಾಡಿಕೊಂಡರು. ಇದರ ಮೇಲೆ ನನಗೆ ಸಿಟ್ಟಿಲ್ಲ, ಆ ಸಲ ಬೆಳೆ ಚೆನ್ನಾಗಿತ್ತು. ಆದರೆ ಒಂದೇ ಹೊಲದಲ್ಲಿ ಪ್ರತಿ ವರ್ಷ ಅದನ್ನೇ ಬೆಳೆದರೆ ಮಣ್ಣು ಸಪ್ಪೆಯಾಗುತ್ತದೆ. 2017ರ ಲೋಗನ್‌ನಲ್ಲಿ ವುಲ್ವರಿನ್ ಎಷ್ಟು ಚೆನ್ನಾಗಿ ಸತ್ತಿದ್ದ! ಫಾಕ್ಸ್ ಡಿಸ್ನಿಯ ಕೈಗೆ ಬಂದಿದ್ದೇ ತಡ, 2024ರಲ್ಲಿ ಗೋರಿ ಅಗೆದೇ ಬಿಟ್ಟರು. ನಕ್ಕೆ ನಿಜ. ಎರಡನೇ ಸಲ ನೋಡಬೇಕು ಅನ್ನಿಸಲಿಲ್ಲ.

ಟಿವಿಯ ನೆನಪು ಇದಕ್ಕಿಂತ ಬೇರೆ ಥರ. ಶಕ್ತಿಮಾನ್ 1997ರ ಸೆಪ್ಟೆಂಬರ್‌ನಲ್ಲಿ ದೂರದರ್ಶನದಲ್ಲಿ ಶುರುವಾಯಿತು, 2005ರವರೆಗೆ ನಡೆಯಿತು. ಹಿಂದಿ ನಮಗೆ ಬರುತ್ತಿರಲಿಲ್ಲ. "ಅಂಧೇರಾ ಕಾಯಮ್ ರಹೇ" ಅಂದರೆ ಏನು ಅಂತ ಗೊತ್ತಿಲ್ಲದೆಯೇ ಕರೆಂಟು ಹೋದಾಗೆಲ್ಲ ಕೂಗುತ್ತಿದ್ದೆವು. ಕತ್ತಲು ಹೀಗೇ ಉಳಿಯಲಿ ಎಂಬ ಅರ್ಥ ತಿಳಿದ ಮೇಲೆ ನೋಡಿದರೆ ಸರಿಯಾದ ಜಾಗದಲ್ಲೇ ಬಳಸಿದ್ದೆವು. ಅಂಗಳದಲ್ಲಿ ಗಿರಗಿರ ತಿರುಗಿ ತಲೆಸುತ್ತಿ ಬೀಳುವುದು, ಎದ್ದು "ಸಾರಿ ಶಕ್ತಿಮಾನ್" ಅನ್ನುವುದು. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಈ ಪಾತ್ರ ಮುಕೇಶ್ ಖನ್ನಾ ಅವರ ಸ್ವಂತದ್ದು. ಮಾಲೀಕನೂ ಅವರೇ, ಗೇಯುವವರೂ ಅವರೇ. ದೂರದರ್ಶನಕ್ಕೆ ಕಟ್ಟಬೇಕಾದ ಶುಲ್ಕ ಏರುತ್ತಾ ಹೋಗಿದ್ದೇ ನಿಲ್ಲಿಸಲು ಕಾರಣ ಎಂದು ಅವರು ಆಮೇಲೆ ಹೇಳಿದ್ದಾರೆ. 2022ರ ಫೆಬ್ರವರಿಯಲ್ಲಿ ಶಕ್ತಿಮಾನ್ ಮೇಲೆ ಮೂರು ಸಿನಿಮಾ ಎಂದು ಘೋಷಣೆಯಾಯಿತು. ಯಾರಿಂದ ಗೊತ್ತಾ? ಸೋನಿಯಿಂದ. ನಾನು ಜೋರಾಗಿ ನಕ್ಕೆ. ಹೆಂಡತಿ ಅಡುಗೆಮನೆಯಿಂದ ಏನಾಯ್ತು ಎಂದು ಕೇಳಿದಳು.

ನಟ ಬದಲಾಗುವ ತಾಪತ್ರಯಕ್ಕೆ ಎಲ್ಲರಿಗಿಂತ ಚೆನ್ನಾಗಿ ಪರಿಹಾರ ಕಂಡುಕೊಂಡವನು ಮಾತ್ರ ಫ್ಯಾಂಟಮ್. 1936ರಲ್ಲಿ ಲೀ ಫಾಕ್ ಅವನನ್ನು ಮಾಡಿದಾಗಲೇ ಒಂದು ಜಾಣತನ ಮಾಡಿಟ್ಟರು. ಈಗಿನವನು 21ನೇ ಫ್ಯಾಂಟಮ್. ಅಪ್ಪ ಸತ್ತರೆ ಮಗ ಅದೇ ಮುಖವಾಡ ಹಾಕುತ್ತಾನೆ, ಕಾಡಿನ ಜನ ಅವನಿಗೆ ಸಾವಿಲ್ಲ ಅಂದುಕೊಳ್ಳುತ್ತಾರೆ. ಮಲ್ಟಿವರ್ಸ್ ಬೇಡ, ಜೇಡ ಮತ್ತೆ ಕಚ್ಚುವುದು ಬೇಡ. ನಮ್ಮೂರ ಕೃಷ್ಣನ ಲೆಕ್ಕವೂ ಇದೇ.

ನಾಟಕ ಮುಗಿದಾಗ ಬೆಳಗಾಗಿತ್ತು. ಕ್ಯಾತ್ಸಂದ್ರದ ಹತ್ತಿರ ಗಾಡಿ ನಿಲ್ಲಿಸಿ ತಟ್ಟೆ ಇಡ್ಲಿ ತಿನ್ನುತ್ತಾ ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅರ್ಧ ನಿದ್ದೆಯಲ್ಲಿದ್ದ, ಆದರೂ ಕೇಳಿದ.

"ಕೃಷ್ಣನ ಪಾತ್ರಕ್ಕೆ ನಾವು ಯಾರಿಗೆ ದುಡ್ಡು ಕೊಡ್ತೀವಿ ಮಾಮ? ಅವನ ಮಾಲೀಕ ಯಾರು?"

"ಅವನಿಗೆ ಮಾಲೀಕ ಇಲ್ಲ ಕಣೋ. ಅದು ಗೋಮಾಳ ಇದ್ದಂಗೆ. ಯಾರು ಬೇಕಾದ್ರೂ ಮೇಯಿಸಬೋದು."

"ಸ್ಪೈಡರ್ ಮ್ಯಾನ್ ಯಾವಾಗ ಗೋಮಾಳ ಆಗ್ತಾನೆ?"

ಅಮೆರಿಕದ ಲೆಕ್ಕದಲ್ಲಿ ಆ ಕಾಲದ ಕಾಮಿಕ್ಸ್‌ಗೆ ಪ್ರಕಟವಾದಾಗಿನಿಂದ 95 ವರ್ಷ. ಸೂಪರ್ ಮ್ಯಾನ್‌ನ ಮೊದಲ ಕಥೆ 2034ರ ಜನವರಿ 1ಕ್ಕೆ ಬಿಡುಗಡೆ. ಸ್ಪೈಡರ್ ಮ್ಯಾನ್‌ನದು 2058ಕ್ಕೆ. ಮೊದಲ ಕಥೆ ಮಾತ್ರ, ಆಮೇಲಿನವು ಒಂದೊಂದಾಗಿ. ಹೇಳಿದೆ. ಹುಡುಗ ಚಟ್ನಿ ಹತ್ತಿದ ಬೆರಳಲ್ಲೇ ಕೂಡಿ ಕಳೆದ.

"ನಂಗಾಗ ನಲವತ್ತೈದು. ಹಂಗಾದ್ರೆ ನಮ್ಮೂರಲ್ಲೇ ಆಡಿಸೋಣ. ಒಂದನೇ ಸ್ಪೈಡರ್ ಮ್ಯಾನ್ ನಂದು ಮಾಮ, ಈಗ್ಲೇ ಹೇಳಿದೀನಿ. ಮೂರನೇದು ಬೇಕಾದ್ರೆ ನೀನ್ ಮಾಡು."

"ಮೂರನೇದೇ ಯಾಕೋ?"

"ರೇಟು ಕಮ್ಮಿ ಅಲ್ವಾ."